ಟೆಂಟಿನೊಳ್ಗೆ ನಾಲ್ಕ್ ಹಾಸ್ಗಿ

ಹೋದ್ ಜನವರಿಯಲ್ಲಿ ನಾವ್ ನಾಲ್ಕ್ ಜನ ಅಕ್ಕ-ತಂಗಿಯರ್ ಪಡುವರಿ ಕಡ್ಲ್ ಬದಿ ಟೆಂಟ್ ಹಾಕಿ ಉಳ್ದ ಫೋಟೊ ಕಂಡ್ ಸುಮಾರ್ ಜನ ಫೋನ್ ಮಾಡಿದ್ರಿ. ಕಡ್ಲ್ ಹ್ಯಾಂಗಿತ್ತ್, ರಾತ್ರಿ ಊಟಕ್ಕೆ ಎಂತ ಮಾಡಿದ್ರಿ ಅಂದೇಳಿ ಕೇಂಡವ್ರ್ ಕಡ್ಮಿ. ಎಲ್ಲರದ್ದೂ ಒಂದೇ ಪ್ರಶ್ನಿ: "ನೆಲ್ದ್ ಮೇಲೆ ಹ್ಯಾಂಗೆ ಮನಿಕಂಡ್ರಿ ಮಾರಾಯ್ತಿ? ಬೆನ್ನ್ ನೋಯ್ಲಿಲ್ಯಾ?" ಮೇಲಿನ್ ಮನಿ ಅತ್ತಿಗಿ ಅಂತೂ ಫೋಟೊ ದೊಡ್ದ್ ಮಾಡಿ ಕಂಡ್, "ಟೆಂಟಿನೊಳ್ಗೆ ಮಂಚ ಇದ್ದಂಗೆ ಕಾಣತ್ತ್ ಅಲ್ದಾ?" ಅಂದ್ರ್. ಹೌದ್, ಮಂಚವೇ. ಅದ್ರ ಕತಿ ಹೇಳುಕೆ ಇವತ್ ಕೂತದ್ದ್.

ನಮ್ಮ ಅಪ್ಪನ ಮನಿ ಈಗ ಇಲ್ಲೆ. ಅಮ್ಮ ಹೋದ್ ಮೇಲೆ ಪಾಲಾಯ್ತ್, ಹಳಿ ಮನಿ ತೆಗ್ದ್ರ್, ಆ ಜಾಗದಲ್ಲಿ ತಮ್ಮಂದಿರ್ ಇಬ್ರೂ ಬೇರೆ ಬೇರೆ ಮನಿ ಕಟ್ಕಂಡಿದ್ರ್. ಬೇಜಾರ್ ಏನಿಲ್ಲೆ, ಪ್ರೀತಿಯಿಂದ ಕರೀತ್ರ್. ನಾವೂ ಹೋಪುದಿತ್ತ್, ಮಧ್ಯಾಹ್ನ ಉಂಡ್ ಸಂಜಿ ಬಸ್ಸಿಗೆ ವಾಪಾಸ್ ಬಪ್ಪುದ್. ಆದ್ರೆ ನಾಲ್ಕ್ ಜನ ಹೆಣ್ಮಕ್ಕಳ್ ಒಟ್ಟಿಗ್ ಒಂದ್ ರಾತ್ರಿ ಮನಿಕಂಬುಕೆ ಜಾಗ ಅಂಬುದ್ ಎಲ್ಲೂ ಇಲ್ಲ ಆಯ್ತ್. ಮುಂಚೆ ಚಾವಡಿಯಲ್ಲಿ ಸಾಲಾಗಿ ಚಾಪಿ ಹಾಸ್ಕಂಡ್, ದೀಪ ಆರ್ಸಿದ್ ಮೇಲೂ ಗುಸುಗುಸು ಮಾತಾಡಿ, ಒಳ್ಗಿಂದ ಅಪ್ಪಯ್ಯ ಕೆಮ್ಮಿದ್ರೆ ಸುಮ್ನಾಪುದ್. ಆ ಮಾತೆಲ್ಲ ಮನಿಕಂಡ್ ಕತ್ತಲಲ್ಲೇ ಬಪ್ಪುದ್ ಕಾಣಿ. ಕೂತ್ಕಂಡ್ ಕಾಫಿ ಕುಡೀತಾ ಮಾತಾಡಿದ್ರೆ ಮಕ್ಕಳ ಮದಿ, ಶುಗರ್, ಚಿನ್ನದ ರೇಟು, ಇಷ್ಟೇ. ಒಬ್ಬಳ ಗಂಡನ ಮನಿಗೆ ಇನ್ನೊಬ್ಳ್ ಹೋಯ್ ಉಳ್ದ್ರೂ ಅಲ್ಲಿ ಅಡ್ಗಿಮನಿ ಇತ್ತ್, ಹಿರಿಯರಿದ್ರ್, ಮೊಮ್ಮಕ್ಕಳಿದ್ರ್. ಮಾತೆಲ್ಲಿಂದ ಬಪ್ಪುದ್?

ನಾಲ್ಕ್ ವರ್ಷದ ಹಿಂದೆ ಸಣ್ಣಕ್ಕನ ಮಾಣಿ ಹೇಳ್ದ, "ನಮ್ಮ ಕಡ್ಲ್ ಬದಿ ತೋಟದಲ್ಲಿ ಟೆಂಟ್ ಹಾಕಿ ಕೊಡ್ತೆ, ನೀವ್ ನಾಲ್ಕೂ ಜನ ಒಂದಿನ ಉಳೀನಿ." ಹಂಗೆ ಸುರು ಆದದ್ದ್. ವರ್ಷಕ್ಕೊಂದ್ ರಾತ್ರಿ, ಜನವರಿಯಲ್ಲಿ. ಗಂಡಸ್ರಿಲ್ಲೆ, ಮಕ್ಕಳಿಲ್ಲೆ. ಊಟ ಮನಿಯಿಂದ ಬುತ್ತಿ ಕಟ್ಕಂಡೇ ಹೋಪುದ್, ಅಲ್ಲಿ ಒಲಿ ಹಚ್ಚುದಿಲ್ಲೆ ಅಂಬುದ್ ನಮ್ಮ ನಿಯಮ.

ಮೂರನೇ ವರ್ಷ ಬೆಳಿಗ್ಗೆ ದೊಡ್ಡಕ್ಕನಿಗೆ ಏಳುಕೆ ಆಯಿಲ್ಲ. ಅವ್ಳಿಗೆ ಆಗ 63. ಮಂಡಿ ಮಡ್ಚುಕಾಗ, ಸೊಂಟ ತಿರ್ಗುಸುಕಾಗ. ಇಬ್ರ್ ಕೈ ಹಿಡ್ದ್ ಎತ್ತಿ ನಿಲ್ಸುಕೆ ಬೇಕಾಯ್ತ್. ನಿತ್ಕಂಡ್ ಸೀರಿ ಸರಿ ಮಾಡ್ಕಂತಾ ನೆಗಾಡಿಯೇ ಹೇಳ್ತ್ಳ್, "ಇನ್ನ್ ಮುಂದೆ ನೀವ್ ಮೂರ್ ಜನ ಹೋಯ್ನಿ. ನನ್ನದ್ದ್ ಮುಗೀತ್." ನೆಗಾಡಿದ್ದ್ ಹೌದ್, ಆದ್ರೆ ಆ ಮಾತ್ ನನ್ನ ತಲಿಯಿಂದ ಹೋಯ್ಲಿಲ್ಲ. ಈ ವರ್ಷ ಒಬ್ಳ್ ಬತ್ತಿಲ್ಲೆ ಅಂದ್ರೆ ಮುಂದಿನ ವರ್ಷ ಇನ್ನೊಬ್ಳಿಗೆ ಎಂತಾರೂ ಕಾರಣ ಸಿಕ್ಕತ್ತ್. ಮತ್ತೆ ನಾಲ್ಕ್ ಜನ ಸೇರುದ್ ಯಾರಾದ್ರೂ ಹೋದಾಗಳೇ. ಹಾಸ್ಗಿ ಸರಿ ಇಲ್ಲೆ ಅಂಬ ಒಂದ್ ಕಾರಣಕ್ಕೆ ಅದ್ ನಿತ್ ಹೋಪುದ್ ನಂಗೆ ಬೇಡ ಇದ್ದಿತ್. ಹಂಗಾಯಿ ಒಂದಿಡೀ ವರ್ಷ ನಾನ್ ಇದ್ರ ಹಿಂದೆ ಬಿದ್ದೆ. ನಮ್ಮನಿಯವ್ರ್ "ಪಿಎಚ್‌ಡಿ ಮಾಡ್ತ್ಯಾ ಹಾಸ್ಗಿ ಮೇಲೆ?" ಅಂದೇಳಿ ತಮಾಷಿ ಮಾಡಿದ್ರ್. ಮಾಡ್ಲಿ.

ಹಂಗಂದೇಳಿ ನೆಲ್ದ್ ಮೇಲೆ ಮನಿಕಂಬುದ್ ನಮ್ಗೆ ಹೊಸ್ತೇನೂ ಅಲ್ಲ. ನಾವ್ ಸಣ್ಣದಿಪ್ಪತ್ತಿಗೆ ಮನಿಯಲ್ಲಿ ಮಂಚ ಅಂದ್ರೆ ಅಜ್ಜಯ್ಯನದ್ ಒಂದೇ. ಆಟಕ್ಕೆ ಹೋಪತ್ತಿಗೆ ಗದ್ದಿಯೇ ಹಾಸ್ಗಿ. ಮಾರಣಕಟ್ಟೆ ಮೇಳದ ಹರಕೆ ಆಟ ಇದ್ರೆ ಕೊಯ್ಲಾದ ಗದ್ದಿಯಲ್ಲಿ ಬೆಳ್ಗಿನ್ ತಂಕ ಆಟ. ದೊಡ್ಡವ್ರ್ ಕಾಂತ್ರ್, ಮಕ್ಕಳ್ ಒಡ್ಡೋಲಗ ಮುಗೂದ್ರೊಳ್ಗೇ ನಿದ್ರಿ. ಅಮ್ಮ ಗೋಣಿ ಚೀಲ ತಕಂಡ್ ಬಪ್ಪುದಿತ್ತ್. ಅದನ್ನ್ ಹಾಂಗೇ ಹಾಸ್ತಿರ್ಲಿಲ್ಲ. ಅಡಿಗೆ ಎರ್ಡ್ ಹಿಡಿ ಒಣ ಬೈಹುಲ್ ಹರಡಿ, ಅದ್ರ ಮೇಲೆ ಗೋಣಿ, ಗೋಣಿ ಮೇಲೆ ಚಾಪಿ. ಹೊದುಕೆ ಅಪ್ಪಯ್ಯನ ಹಳಿ ಪಂಚಿ ಒಂದೇ. ಗದ್ದಿ ಕೂಳಿ ಚುಚ್ಚುದಿಲ್ಲೆ, ಇಬ್ಬನಿ ಬಿದ್ರೂ ಅಡಿಯಿಂದ ಥಂಡಿ ಏರುದಿಲ್ಲೆ. ಚೆಂಡೆ ಪೆಟ್ಟಿಗೂ ಎಚ್ರ ಆಪುದಿಲ್ಲೆ, ಅಂಥಾ ನಿದ್ರಿ.

ಈಗಿನವ್ರ್ ಅಂಗಡಿಯಲ್ಲಿ ಮಾರುದ್ ಅದೇ ವಿದ್ಯೆ. ನಮ್ಮ ಮೈ ಬಿಸಿ ನೆಲಕ್ಕೆ ಇಳ್ದ್ ಹೋಪುದನ್ನ್ ತಡೂದ್ ಬಟ್ಟೆಯಲ್ಲ, ಅದ್ರೊಳ್ಗೆ ಸಿಕ್ಕಿ ಅಲ್ಲಾಡದೆ ನಿತ್ತ ಗಾಳಿ. ಬೈಹುಲ್ಲಿನ ಕಡ್ಡಿ ಒಳ್ಗೆ ಪೊಳ್ಳ್, ಅದ್ರ ಮಧ್ಯದಲ್ಲೂ ಗಾಳಿ. ದಪ್ಪ ರಗ್ಗನ್ನ್ ಅಡಿಗೆ ಹಾಸಿದ್ರೆ ಮೈ ಭಾರಕ್ಕೆ ಅಪ್ಪಚ್ಚಿ ಆಯಿ ಗಾಳಿ ಹೊರ್ಗೆ ಹೋತ್ತ್, ರಗ್ಗ್ ಇದ್ದೂ ಇಲ್ದಂಗೆ. ಅದ್ಕೇ ಮೇಲೆ ಎಷ್ಟ್ ಹೊದ್ರೂ ಅಡಿಗೆ ಸರಿ ಇಲ್ದಿದ್ರೆ ಚಳಿ ಬಿಡುದಿಲ್ಲೆ. ಹಾಸ್ಗಿ ಎಷ್ಟ್ ಬಿಸಿ ತಡೀತ್ತ್ ಅಂಬುದಕ್ಕೆ 'ಆರ್ ವ್ಯಾಲ್ಯೂ' ಅಂದೇಳಿ ಒಂದ್ ಲೆಕ್ಕ ಇತ್ತ್, ಒಳ್ಳೇ ಕಂಪನಿ ಚಾಪಿಯ ಚೀಲದ ಮೇಲೆ ಬರ್ದಿರ್ತ್ರ್. ಸಂಖ್ಯೆ ಹೆಚ್ಚಾದಷ್ಟೂ ಬೆಚ್ಚಗೆ. ಒಳ್ಗೆ ಏನೂ ಇಲ್ಲದ ಬರೀ ಗಾಳಿ ಹಾಸ್ಗಿಗೆ ಸುಮಾರ್ 1, ತೆಳು ಫೋಮ್ ಚಾಪಿಗೆ ಸುಮಾರ್ 2. ಎರ್ಡ್ ಚಾಪಿ ಒಂದ್ರ ಮೇಲೊಂದ್ ಹಾಸಿದ್ರೆ ಎರ್ಡೂ ಸಂಖ್ಯೆ ಕೂಡ್ಸಿ ಲೆಕ್ಕ ಹಾಕುಕಾತ್ತ್. ನಮ್ಮ ಕಡ್ಲ್ ಬದಿಗೆ 1 ಇದ್ರೂ ಸಾಕ್. ಘಟ್ಟದ ಮೇಲೆ ಸಾಲುದಿಲ್ಲೆ.

ಘಟ್ಟದ್ದ್ ಯಾಕೆ ಹೇಳ್ದೆ ಅಂದ್ರೆ, ಎರ್ಡ್ ವರ್ಷದ ಹಿಂದೆ ಡಿಸೆಂಬರಲ್ಲಿ ಮಗ್ಳ್ ನನ್ನನ್ನ್ ಕೊಡಚಾದ್ರಿಗೆ ಕರ್ಕಂಡ್ ಹೋದ್ಳ್. ಕೊಡಚಾದ್ರಿ 1343 ಮೀಟರ್ ಎತ್ತರ. ಸಾವಿರ ಮೀಟರ್ ಮೇಲೇರಿದ್ರೆ ಸುಮಾರ್ ಆರೂವರೆ ಡಿಗ್ರಿ ಇಳೀತ್ತ್ ಅಂದೇಳಿ ಲೆಕ್ಕ. ಅಂದ್ರೆ ಬೈಂದೂರಲ್ಲಿ ನಾವ್ ಫ್ಯಾನ್ ಹಾಕ್ಕಂಡ್ 21 ಡಿಗ್ರಿಯಲ್ಲಿ ಮನಿಕಂಡ್ರೆ ಸರ್ವಜ್ಞ ಪೀಠದ ಹತ್ರ ಹನ್ನೆರ್ಡ್ ಹದ್ಮೂರ್, ಗಾಳಿ ಬೇರೆ. ಅದ್ ಮೂಕಾಂಬಿಕಾ ಅಭಯಾರಣ್ಯ, ಕಂಡಲ್ಲೆಲ್ಲ ಟೆಂಟ್ ಹಾಕುಕಿಲ್ಲೆ. ಹಂಗಾಯಿ ನಾವ್ ಉಳ್ದದ್ದ್ ನಿಟ್ಟೂರ್ ಬದಿ ಒಬ್ರ ತೋಟದಲ್ಲಿ, ಅವ್ರೇ ಹಾಕಿಟ್ಟ ಟೆಂಟಲ್ಲಿ. ಅಲ್ಲಿ ಎಷ್ಟೋ ಕೆಳ್ಗೆ, ಆದ್ರೂ ಕುಂದಾಪ್ರದವ್ರಿಗೆ ಅದೇ ಹಿಮಾಲಯ. ಅವ್ರ್ ಹೊದುಕೆ ಇಬ್ರಿಗೆ ನಾಲ್ಕ್ ದಪ್ಪ ರಗ್ಗ್ ಕೊಟ್ಟಿದ್ರ್, ಹಾಸುಕೆ ಮಾತ್ರ ಒಂದ್ ಪ್ಲಾಸ್ಟಿಕ್ ಚಾಪಿ. ಮೈ ಮೇಲೆ ಬೆವ್ರ್, ಬೆನ್ನಡಿ ಐಸ್. ಮಧ್ಯರಾತ್ರಿ ಮಗ್ಳ್ ಎದ್ದ್, ಹೊದ್ದ ರಗ್ಗಲ್ಲಿ ಎರ್ಡ್ ಅಡಿಗೆ ಹಾಕಿ, ಅದೂ ಸಾಲ್ದೆ ಕಾರಿನ ಸೀಟಿನ ಮೇಲಿದ್ದ ಫೋಮ್ ತಂದ್ ಹಾಕಿದ್ಳ್. ಆಗ ನಿದ್ರಿ ಬಂತ್. ಅವತ್ತಿನ ರಾತ್ರಿ ಮನಿಕಂಡಲ್ಲೇ ನಂಗೆ ಅಮ್ಮನ ಬೈಹುಲ್ ನೆನ್ಪಾದದ್ದ್.

ಈಗ ಒಂದೊಂದೇ ಹಾಸ್ಗಿ ವಿಷ್ಯ. ನಾನ್ ಎಲ್ಲಾನೂ ಮೊದ್ಲ್ ನಮ್ಮ ತಾರಸಿ ಮೇಲೆ ಮನಿಕಂಡ್ ಕಂಡದ್ದ್. ನೀವೂ ಹಂಗೇ ಮಾಡಿ, ಅಂಗಡಿಯಲ್ಲಿ ಎರ್ಡ್ ನಿಮಿಷ ಕೂತ್ ಕಂಡ್ರೆ ಏನೂ ತಿಳೂದಿಲ್ಲೆ, ರಾತ್ರಿ ಮೂರ್ ಗಂಟೆಗೆ ತಿಳೂದ್.

ಗಾಳಿ ಹಾಸ್ಗಿ. ತಂಗಿ ಮಗ ಆನ್‌ಲೈನಲ್ಲಿ ಇಬ್ರ್ ಮನಿಕಂಬ ದೊಡ್ಡದ್ದ್ ತರ್ಸಿ ಕೊಟ್ಟಿದ್ದ. ಕಾಂಬುಕೆ ಮದಿಮಕ್ಕಳ ಮಂಚದ ಹಾಸ್ಗಿಯಂಗೆ ಇತ್ತ್. ನಾನೂ ತಂಗಿಯೂ ಮನಿಕಂಡ್ರೆ, ಅವ್ಳ್ ಮಗ್ಗುಲ್ ತಿರ್ಗಿದಾಗ ನಾನ್ ದೋಣಿಯಲ್ಲಿದ್ದಂಗೆ ಮೇಲೆ ಕೆಳ್ಗೆ. ಬೆಳ್ಗಿನ ಜಾವಕ್ಕೆ ಇಬ್ರೂ ನಡು ಹೊಂಡಕ್ಕೆ ಜಾರಿ, ನೆಲ ಮುಟ್ಟಿ, ಒಬ್ರಿಗೊಬ್ರ್ ಅಂಟ್ಕಂಡಿದ್ವಿ. ಅದ್ರಲ್ಲಿ ಹೊಲ್ಗಿ ಹತ್ರ ಸಣ್ಣ ತೂತ್ ಇದ್ದಿತ್ ಅಂದೇಳಿ ಸೋಪ್ ನೀರ್ ಹಚ್ಚಿದ್ ಮೇಲೆ ಗೊತ್ತಾಯ್ತ್. ಆದ್ರೆ ತೂತ್ ಇಲ್ದಿದ್ರೂ ಗಾಳಿ ಹಾಸ್ಗಿ ರಾತ್ರಿ ಸಡ್ಲ ಆಪುದಿತ್ತ್, ಇದ್ ನೆನ್ಪಿಟ್ಕಣಿ. ಸಂಜಿ ಬಿಸಿ ಗಾಳಿ ತುಂಬ್ಸಿರ್ತ್ರಿ, ರಾತ್ರಿ ತಂಪಾದ್ ಕೂಡ್ಲೆ ಆ ಗಾಳಿ ಕುಗ್ಗತ್ತ್. ಮನಿಕಂಬುದಕ್ಕೆ ಮೊದ್ಲ್ ಇನ್ನೊಂದ್ ಸಲ ಪಂಪ್ ಹೊಡೀಕ್. ಹಂಗಂದೇಳಿ ಡೋಲಿನಂಗೆ ಬಿಗಿ ಮಾಡುದೂ ಬೇಡ. ತುಂಬ್ಸಿ, ಮಗ್ಗುಲಲ್ಲಿ ಮನಿಕಂಡ್, ಬಿರ್ಡಿ ಸ್ವಲ್ಪ ಸ್ವಲ್ಪ ಸಡ್ಲ್ಸುದ್. ಸೊಂಟ ಇನ್ನೇನ್ ನೆಲ ಮುಟ್ಟತ್ತ್ ಅಂಬಲ್ಲಿ ನಿಲ್ಲುಸ್ಕ್. ಅಷ್ಟ್ ಹದ.

ಫೋಮ್ ಚಾಪಿ. ಯೋಗದ್ದಲ್ಲ, ಅದಕ್ಕಿಂತ ದಪ್ಪ, ಮೊಟ್ಟಿ ಟ್ರೇಯಂಗೆ ಗುಂಡಿ ಗುಂಡಿ ಇಪ್ಪುದ್, ಮಡ್ಚಿದ್ರೆ ಒಂದ್ರೊಳ್ಗೊಂದ್ ಕೂಕಂತ್ತ್. ಹಗೂರ, ತೂತ್ ಬೀಳುವ ಹೆದ್ರಿಕಿ ಇಲ್ಲೆ, ನೀರ್ ಕುಡೂದಿಲ್ಲೆ, ಹೊಯ್ಗಿ ಹತ್ತಿದ್ರೆ ಕೊಡ್ಕಿದ್ರಾಯ್ತ್. ಗಟ್ಟಿ, ಅದೊಂದೇ ತೊಂದ್ರಿ. ಎರ್ಡ್ ಹಾಕಿ ಮೇಲಿಂದ ಒಂದ್ ಹತ್ತಿ ಹೊದ್ಕಿ ಮಡ್ಚಿ ಹಾಸಿದ್ರೆ ನಂಗೆ ಸಾಕಾತ್ತ್. ನಾನ್ ಈಗ ಮನಿಕಂಬುದ್ ಇದ್ರಲ್ಲೇ.

ತನ್ನಷ್ಟಕ್ಕೇ ಗಾಳಿ ತುಂಬ್ಕಂಬ ಚಾಪಿ. ಇದ್ ಸಣ್ಣಕ್ಕನದ್ದ್, ಅವ್ಳ ಸೊಸಿ ಬೆಂಗ್ಳೂರಿಂದ ತಂದದ್ದ್. ಒಳ್ಗೆ ಸ್ಪಂಜ್ ಇತ್ತ್, ಬಿರ್ಡಿ ತೆಗ್ದ್ ಬಿಟ್ರೆ ಸ್ಪಂಜ್ ಅರಳಿ ತಾನೇ ಗಾಳಿ ಎಳ್ಕಂತ್ತ್, ಕೊನಿಗೆ ನಾಲ್ಕ್ ಉಸ್ರ್ ನಾವ್ ಊದ್ಕ್. ಇದ್ರ ಹುಟ್ಟಿನ ಕತಿ ಚಂದ ಇತ್ತ್. 1970ರ ದಶಕದ ಸುರುವಿಗೆ ಅಮೇರಿಕಾದ ಸಿಯಾಟಲ್‌ನಲ್ಲಿ ಬೋಯಿಂಗ್ ವಿಮಾನ ಕಂಪನಿಯಲ್ಲಿ ಕೆಲ್ಸ ಹೋದ ಇಂಜಿನಿಯರುಗಳು ಮಾಡಿದ್ದಂತೆ. ಅವ್ರಲ್ಲಿ ಒಬ್ರ್ ಹೂವಿನ ತೋಟದಲ್ಲಿ ಫೋಮ್ ತುಂಡಿನ ಮೇಲೆ ಮಂಡಿ ಊರಿ ಕೆಲ್ಸ ಮಾಡುವಾಗ, ಊರಿದ್ರೆ ಗಾಳಿ ಹೊರ್ಗೆ ಹೋಪುದ್ ಕಂಡ್, ಇದನ್ನ್ ಗಾಳಿ ಹೋಗ್ದಿದ್ದಂಗೆ ಚೀಲದಲ್ಲಿ ಮುಚ್ಚಿದ್ರೆ ಹ್ಯಾಂಗೆ ಅಂದೇಳಿ ಯೋಚ್ನಿ ಮಾಡಿದ್ರಂತೆ. ನಾವ್ ಮಲ್ಲಿಗಿ ಗಿಡದ ಬುಡ ಕೆದ್ಕುವಾಗ ದಿನಾ ಗೋಣಿ ಮೇಲೆ ಮಂಡಿ ಊರ್ತೊ, ನಮ್ಗೆ ಹೊಳೀಲಿಲ್ಲ ಕಾಣಿ! ಗಾಳಿ ಹಾಸ್ಗಿಯಂಗೆ ಓಲಾಡುದಿಲ್ಲೆ, ಫೋಮಿನಷ್ಟ್ ಗಟ್ಟಿಯೂ ಅಲ್ಲ. ದುಡ್ಡ್ ಜಾಸ್ತಿ. ಸೊಂಟ ನೋವಿಪ್ಪವ್ರಿಗೆ ನಾನ್ ಇದನ್ನೇ ಹೇಳುದ್.

ಇಲ್ಲೊಂದ್ ಮಾತ್ ಹೇಳ್ಕ್. "ಗಟ್ಟಿ ನೆಲ ಬೆನ್ನಿಗೆ ಒಳ್ಳೇದ್" ಅಂದೇಳಿ ಎಲ್ಲರೂ ಹೇಳ್ತ್ರ್, ಹೆಚ್ಚಾಗಿ ಸ್ಪ್ರಿಂಗ್ ಹಾಸ್ಗಿ ಮೇಲೆ ಮನಿಕಂಬ ಗಂಡಸ್ರೇ ಹೇಳುದ್. ಅಂಗಾತ ಮನಿಕಂಬವ್ರಿಗೆ ಸರಿ ಇದ್ದೀತ್. ಮಗ್ಗುಲಲ್ಲಿ ಮನಿಕಂಬವ್ರಿಗೆ ಭಾರ ಎಲ್ಲ ಬೀಳುದ್ ಎರ್ಡೇ ಕಡಿ, ಸೊಂಟದ ಮೂಳಿ ಮತ್ತೆ ಭುಜ. ಹೆಂಗಸ್ರಿಗೆ ಸೊಂಟ ಅಗಲ, ಅಲ್ಲಿ ಒತ್ತುದೂ ಜಾಸ್ತಿ. ನಾಲ್ಕ್ ಹೆತ್ತ ಸೊಂಟಕ್ಕೆ ಗಟ್ಟಿ ನೆಲ ಔಷಧಿ ಅಂದೇಳಿ ನನ್ ಹತ್ರ ಯಾರೂ ಹೇಳುಕೆ ಬಪ್ಪುದ್ ಬೇಡ. ಮದಿ ಮನಿಯಲ್ಲಿ ಬಾಡಿಗಿ ಹಾಸ್ಗಿ ಎಲ್ಲ ದಿಬ್ಬಣದ ಗಂಡಸ್ರಿಗೆ ಹೋಯಿ, ನಾವ್ ಅಡ್ಗಿಮನಿ ಸಿಮೆಂಟಿನ ಮೇಲೆ ಸೆರಗ್ ಹಾಸಿ ಮನಿಕಂಡದ್ದ್ ಎಷ್ಟ್ ಸಲ ಅಂದೇಳಿ ನಿಮ್ಗೂ ಗೊತ್ತಿತ್ತ್.

ಹೊದುದ್ರ ಬಗ್ಗೆ ಚುಟುಕಾಗಿ. ಬೈಂದೂರ್, ಮರವಂತಿ, ತ್ರಾಸಿ ಕಡ್ಲ್ ಬದಿಗೆ ಸ್ಲೀಪಿಂಗ್ ಬ್ಯಾಗ್ ಬೇಡವೇ ಬೇಡ, ಒಳ್ಗೆ ಬೆಂದ್ ಹೋತ್ರಿ. ಹತ್ತಿ ಹೊದ್ಕಿ ಒಂದ್, ಬೆಳ್ಗಿನ ಜಾವಕ್ಕೆ ಒಂದ್ ಶಾಲ್. ಘಟ್ಟಕ್ಕೆ ಹೋಪವ್ರ್ ಬ್ಯಾಗ್ ತಕಂಬತ್ತಿಗೆ ಅದ್ರ ಮೇಲೆ ಬರ್ದ ಸಂಖ್ಯೆ ಸರಿಯಾಗಿ ಓದಿ. ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್ ಅಂದೇಳಿ ಮೂರ್ ಇರತ್ತ್. ಯುರೋಪಿನ ಇಎನ್ 13537 ಅಂಬ ನಿಯಮದಿಂದ ಬಂದದ್ದ್, ಈಗ ಅದೇ ಐಎಸ್‌ಒ 23537. ಬಿಸಿ ಮಾಡಿದ ಗೊಂಬಿಯನ್ನ್ ಬ್ಯಾಗಿನೊಳ್ಗೆ ಮನ್ಸಿ ಅಳ್ತಿ ಮಾಡುದಂತೆ. ಕಂಫರ್ಟ್ ಅಂದ್ರೆ ಹೆಂಗಸ್ರ ಲೆಕ್ಕ, ಆ ಚಳಿಯಲ್ಲಿ ಒಬ್ಳ್ ಆರಾಮಾಗಿ ನಿದ್ರಿ ಮಾಡ್ತ್ಳ್. ಲಿಮಿಟ್ ಅಂದ್ರೆ ಗಂಡಸ್ರದ್ದ್, ಅದೂ ಮುದ್ರಿ ಮನಿಕಂಡ್ರೆ. ಎಕ್ಸ್‌ಟ್ರೀಮ್ ಅಂದ್ರೆ ಆರ್ ಗಂಟೆ ಹೊತ್ತ್ ಜೀವ ಉಳೀತ್ತ್ ಅಂಬ ಲೆಕ್ಕ, ನಿದ್ರಿ ಅಲ್ಲ! ನಾವ್ ಕಾಣ್ಕಾದ್ದ್ ಕಂಫರ್ಟ್ ಒಂದೇ. ಇನ್ನೊಂದ್ ನೆಗಿ ಬಪ್ಪ ವಿಷ್ಯ, ಆ ಲೆಕ್ಕದ ಹೆಂಗಸಿಗೆ ಪ್ರಾಯ 25, ತೂಕ 60 ಕಿಲೊ. ನಂಗೆ 56. ಮುಟ್ಟ್ ನಿತ್ ಮೇಲೆ ರಾತ್ರಿ ಒಂದ್ ಗಂಟೆ ಮೈ ಎಲ್ಲ ಬೆಂಕಿ, ಮತ್ತೊಂದ್ ಗಂಟೆ ಚಳಿ. ನಮ್ಮಂಥವ್ರಿಗೆ ತಲಿ ತಂಕ ಮುಚ್ಚುವ ಇಕ್ಕಟ್ಟಿನ ಬ್ಯಾಗ್ ಆಪುದಿಲ್ಲೆ. ಉದ್ದಕ್ಕೆ ಜಿಪ್ ತೆಗ್ದ್ರೆ ಹೊದ್ಕಿಯಂಗೆ ಹರಡುವ ಚೌಕದ್ದ್ ತಕಣಿ, ಸೆಕೆ ಆದ್ರೆ ಕಾಲ್ ಹೊರ್ಗೆ ಹಾಕುಕಾತ್ತ್.

ಇಷ್ಟೆಲ್ಲ ಆದ್ರೂ ದೊಡ್ಡಕ್ಕನ ಕಷ್ಟ ಹಾಂಗೇ ಇದ್ದಿತ್. ಅವ್ಳ ತೊಂದ್ರಿ ಮನಿಕಂಬುದಲ್ಲ, ಏಳುದ್. ಎಷ್ಟ್ ಮೆತ್ತಗಿನ ಹಾಸ್ಗಿ ಆದ್ರೂ ನೆಲಕ್ಕೇ ಇದ್ರೆ ಮಂಡಿ ಊರಿಯೇ ಏಳ್ಕ್. ಅದೂ ರಾತ್ರಿ ಎರ್ಡ್ ಸಲ, ಈ ಪ್ರಾಯದಲ್ಲಿ ಎಲ್ಲರೂ ಏಳುವವ್ರೇ. ಅವ್ಳ್ ಮಧ್ಯಾಹ್ನದಿಂದಲೇ ನೀರ್ ಕುಡೂದ್ ಬಿಡ್ತಿದ್ಳ್, ರಾತ್ರಿ ಏಳುಕಾತ್ತ್ ಅಂದೇಳಿ. ಅದನ್ನ್ ತಂಗಿ ಹೇಳ್ದ್ ಮೇಲೆ ನಂಗೆ ಗೊತ್ತಾದದ್ದ್, ಹೊಟ್ಟಿ ಉರೀತ್.

ಮಡ್ಚು ಮಂಚಕ್ಕೆ ನಾನ್ ಬಂದದ್ದ್ ಹಂಗೆ. ಕಬ್ಬಿಣದ ಕಾಲ್, ಮೇಲೆ ಕ್ಯಾನ್‌ವಾಸ್ ಎಳ್ದ್ ಕಟ್ಟಿದ್ದ್, ಮಡ್ಚಿದ್ರೆ ಉದ್ದದ ಚೀಲದೊಳ್ಗೆ ಹೋತ್ತ್. ಆರೇಳ್ ಕಿಲೊ ತೂಕ. ಬೆನ್ನಿಗೆ ಹೊತ್ತ್ ಗುಡ್ಡಿ ಹತ್ತುವವ್ರಿಗಲ್ಲ, ಕಾರ್ ಹೋಪಲ್ಲಿಗೆ ಮಾತ್ರ. ತಕಂಬತ್ತಿಗೆ ಎತ್ತರ ಕಾಣಿ. ಗೇಣುದ್ದದ್ದೂ ಸಿಕ್ಕತ್ತ್, ಅದ್ ಹೊಪ್ಪುಕೆ ಹಗೂರ, ಮಂಡಿಗೆ ಉಪಯೋಗ ಇಲ್ಲೆ. ಕುರ್ಚಿಯಷ್ಟ್, ಒಂದೂವರೆ ಅಡಿ ಹತ್ರ ಇರ್ಕ್, ಕಾಲ್ ಕೆಳ್ಗೆ ಬಿಟ್ಟ್ ಕೂತ್ರೆ ಪಾದ ಪೂರಾ ನೆಲಕ್ಕೆ ಊರ್ಕ್. ನಡು ಜೋತ್ ಬೀಳುವ ಮಂಚ ಬೇಡ, ಉಯ್ಯಾಲಿಯಂಗೆ ಆಯಿ ಸೊಂಟ ಹೋತ್ತ್. ಮಂಚದ ಅಡಿಗೆ ಗಾಳಿ ಓಡಾಡುದ್ರಿಂದ ಸೆಕೆಗೆ ಲಾಯ್ಕ್, ಚಳಿಗೆ ಮಾತ್ರ ಮೇಲೆ ಒಂದ್ ಫೋಮ್ ಚಾಪಿ ಹಾಕ್ಕ್. ಮತ್ತೊಂದ್, ಮಂಚ ಹಿಡೀಕಾದ್ರೆ ಟೆಂಟ್ ಎತ್ತರದ್ದ್ ಬೇಕ್, ಬಗ್ಗಿ ತೆವಳಿ ಹೋಪಂಥದ್ದ್ ಆಪುದಿಲ್ಲೆ.

ಕಾಲ್ ಹೊಯ್ಗಿಯಲ್ಲಿ ಇಳೀತ್ತ್, ಟೆಂಟಿನ ಅಡಿ ಬಟ್ಟಿ ಹರೀತ್ತ್ ಅಂದೇಳಿ ನಮ್ಮನಿಯವ್ರ್ ಮೊದ್ಲೇ ಹೇಳಿದ್ರ್. ಅದ್ಕೆ ಹಲ್ಗಿ ತುಂಡ್ ನಾಲ್ಕ್ ಮಾಡ್ಸಿ ಕೊಟ್ಟದ್ದೂ ಅವ್ರೇ. ಹಲ್ಗಿ ಅಡಿಗೆ ನಾನ್ ಓಲಿ ಚಾಪಿ ಹಾಸ್ದೆ. ಹಳಿ ಮನಿ ತೆಗೂವತ್ತಿಗೆ ನಾನ್ ಅಲ್ಲಿಂದ ತಂದದ್ದ್ ಅದೊಂದೇ, ಅಟ್ಟದಲ್ಲಿ ಸುರ್ಳಿ ಸುತ್ತಿ ಇಟ್ಟದ್ದ್. ಕೇದಗಿ ಜಾತಿ ಗಿಡದ ಓಲಿ ಕೊಯ್ದ್, ಮುಳ್ಳ್ ತೆಗ್ದ್, ಒಣಗ್ಸಿ ಸೀಳಿ ನೇಯ್ದದ್ದ್. ನೇಯುವವ್ರ್ ಈಗ ನಮ್ಮ ಬದಿ ಕಡ್ಮಿ. ಅಷ್ಟ್ ವರ್ಷ ಆದ್ರೂ ಒಂದ್ ಎಳಿ ಬಿಟ್ಟಿರ್ಲಿಲ್ಲ, ಅಂಚಿಗೆ ಅಮ್ಮ ಕೆಂಪು ಬಟ್ಟಿ ಇಟ್ಟ್ ಹೊಲ್ದದ್ದೂ ಹಾಂಗೇ ಇದ್ದಿತ್.

ತಂಗಿಗೆ ಯಾವ್ದೂ ಬೇಡ. ಅವ್ಳಿಗೆ 51, ಅವ್ಳ್ ಟೆಂಟ್ ಹಾಕುದಕ್ಕೆ ಮೊದ್ಲೇ ತನ್ನ ಜಾಗದಲ್ಲಿ ಹೊಯ್ಗಿ ತೋಡಿ, ಸೊಂಟಕ್ಕೊಂದ್ ಭುಜಕ್ಕೊಂದ್ ಹೊಂಡ ಮಾಡಿ, ಮೇಲಿಂದ ಟೆಂಟಿನ ಬಟ್ಟಿ ಬಂದ್ ಮೇಲೆ ಒಂದ್ ಚಾಪಿ ಹಾಸಿ ಮನಿಕಂಡ್ಳ್. ಖರ್ಚಿಲ್ಲದ ಹಾಸ್ಗಿ. ಹೊಯ್ಗಿ ಇಪ್ಪಲ್ಲಿ ಇದಕ್ಕಿಂತ ಒಳ್ಳೇದ್ ಇಲ್ಲೆ ಅಂದೇಳಿ ನಂಗೂ ಕಾಣತ್ತ್, ಆದ್ರೆ ಮಗ್ಗುಲ್ ಬದ್ಲ್ಸುವವ್ರ್ ಎರ್ಡೂ ಬದಿಗೆ ಆಪಂಗೆ ಹೊಂಡ ಅಗಲ ತೋಡ್ಕ್.

ತಲಿದಿಂಬ್ ಮನಿದ್ದೇ ತಕಂಡ್ ಹೋಯ್ನಿ. ಗಾಳಿ ದಿಂಬ್ ಅಂದೇಳಿ ಮಾರ್ತ್ರ್, ತಲಿ ಇಟ್ಟಲ್ಲಿಂದ ಕಪ್ಪಿಯಂಗೆ ಜಿಗೀತ್ತ್. ನಮ್ಮ ಬೂರುಗದ ಹತ್ತಿ ದಿಂಬಿಗೆ ಸಮ ಯಾವ್ದೂ ಇಲ್ಲೆ. ಮಗ್ಗುಲಲ್ಲಿ ಮನಿಕಂಬವ್ರ್ ಮಂಡಿ ಮಧ್ಯಕ್ಕೆ ಇನ್ನೊಂದ್ ಸಣ್ಣ ದಿಂಬ್ ಇಟ್ಕಣಿ. ಟೆಂಟಿನ ಕಿಟ್ಕಿ ಎರ್ಡೂ ಬದಿ ತೆಗ್ದಿಡಿ, ಸೊಳ್ಳಿ ಬಲೆ ಮಾತ್ರ ಹಾಕಿ. ಪೂರಾ ಮುಚ್ಚಿದ್ರೆ ನಾಲ್ಕ್ ಜನರ ಉಸ್ರೇ ನೀರಾಯಿ ಮೇಲಿಂದ ತೊಟ್ಕ್ತ್, ಎಲ್ಲ ಹಾಸ್ಗಿ ಒದ್ದಿ. ಮತ್ತೆ ತೆಂಗಿನ ತೋಟ ಅಂದೇಳಿ ಖುಷಿಯಲ್ಲಿ ತೆಂಗಿನ ಮರದಡಿಗೆ ಟೆಂಟ್ ಹಾಕ್ಬೇಡಿ! ಕಾಯಿ ಬೇಡ, ಒಂದ್ ಒಣ ಮಡ್ಲ್ ಬಿದ್ರೂ ಸಾಕ್. ನಾವ್ ಹಾಕುದ್ ಗೊಬ್ಬರದ ಗುಂಡಿ ಆಚೆಗಿನ ಖಾಲಿ ಜಾಗದಲ್ಲಿ, ಕಡ್ಲಿಗೆ ಬೆನ್ನ್ ಹಾಕಿ.

ಇನ್ನ್ ಆ ರಾತ್ರಿ. ದೊಡ್ಡಕ್ಕನನ್ನ್ ಒಪ್ಸುದೇ ದೊಡ್ಡ ಕೆಲ್ಸ ಆಯ್ತ್. ಫೋನಲ್ಲಿ ಮಂಚದ ಸುದ್ದಿ ಹೇಳಿರ್ಲಿಲ್ಲ, "ಬಾ, ಮನಿಕಂಬುದ್ ಬೇಡ, ರಾತ್ರಿ ಕಾರಲ್ಲಿ ವಾಪಾಸ್ ಬಿಡ್ತೊ" ಅಂದೇಳಿ ಕರ್ದದ್ದ್. ಟೆಂಟಿನೊಳ್ಗೆ ಮಂಚ ಕಂಡದ್ದೇ, "ನಂಗ್ಯಾಕೆ? ಸಣ್ಣಕ್ಕನಿಗೆ ಸೊಂಟ ನೋವಲ್ದಾ, ಅವ್ಳ್ ಮನಿಕಣ್ಲಿ" ಅಂದ್ಳ್. ಸಣ್ಣಕ್ಕ "ನಂಗೆ ಬೇಡ, ನೀನ್ ಮನಿಕೊ" ಅಂದೇಳಿ ನನ್ ಕಡಿ ತಿರ್ಗಿದ್ಳ್. ನಾನ್ ತಂಗಿ ಕಡಿ. ಊಟ ಆಯಿ ಬುತ್ತಿ ತೊಳ್ದ್ ಇಟ್ರೂ ಚರ್ಚಿ ಮುಗೀಲಿಲ್ಲ. ನಲ್ವತ್ ವರ್ಷದಿಂದ ಒಳ್ಳೇ ಹಾಸ್ಗಿ ಬೇರೆಯವ್ರಿಗೆ ಬಿಟ್ಟ್ ಕೊಟ್ಟ್ ಅಭ್ಯಾಸ ಆದ ನಾಲ್ಕ್ ಜನ ಸೇರಿದ್ರೆ ಹಿಂಗೇ, ಮಂಚ ಖಾಲಿ ಉಳೀತ್ತ್. ಕೊನಿಗೆ ತಂಗಿ ಮಂಚದ ಚೀಲ ತಂದ್ ಟಾರ್ಚ್ ಹಾಕಿ ತೋರ್ಸಿದ್ಳ್. ಬೆಳಿಗ್ಗೆಯೇ ಅವ್ಳ್ ಮಾರ್ಕರ್ ಪೆನ್ನಲ್ಲಿ ಇಷ್ಟ್ ದೊಡ್ಡಕ್ಷರದಲ್ಲಿ ಬರ್ದಿದ್ಳ್, 'ದೊಡ್ಡಕ್ಕನ ಮಂಚ, ಬೇರೆಯವ್ರ್ ಮುಟ್ಟುಕಿಲ್ಲೆ' ಅಂದೇಳಿ. ಅಳ್ಸಿದ್ರೂ ಹೋಪಂಥದ್ದಲ್ಲ. ದೊಡ್ಡಕ್ಕ ಓದಿ, ಬೈದ್, ಮಂಚದ ಮೇಲೆ ಕೂತ್ಳ್. ಕೂತ್ ಕಾಲ್ ನೆಲಕ್ಕೆ ಊರಿ ಒಂದ್ ಸಲ ಎದ್ದ್ಳ್, ಮತ್ತೆ ಕೂತ್ಳ್, ಮತ್ತೆ ಎದ್ದ್ಳ್. "ಯಾರನ್ನೂ ಕರೂಕಿಲ್ಲೆ ಅಲ್ದಾ" ಅಂದ್ಳ್. ಆಮೇಲೆ ಕೊಡದಿಂದ ಒಂದ್ ದೊಡ್ಡ ಲೋಟ ನೀರ್ ಬಗ್ಸಿ ಕುಡ್ದ್ಳ್.

ಮಾತ್ ಎಷ್ಟೊತ್ತಿನ ತಂಕ ಹೋಯ್ತ್ ಅಂದೇಳಿ ಗಡಿಯಾರ ಕಾಣ್ಲಿಲ್ಲ. ಅಮ್ಮನ ಕಡೀ ದಿನದ್ದ್, ಪಾಲಿನ ಹೊತ್ತಿಗೆ ಯಾರೂ ಬಾಯ್ ಬಿಡದ ಒಂದೆರ್ಡ್ ವಿಷ್ಯ, ದೊಡ್ಡಕ್ಕ ಮದಿ ಆಯಿ ಹೋದ್ ಸುರುವಿನ ವರ್ಷದ್ದ್. ಅದೆಲ್ಲ ಇಲ್ಲಿ ಬರೂದಲ್ಲ. ಮಂಚದ ಮೇಲಿಂದ ಅವ್ಳ ದನಿ ಸ್ವಲ್ಪ ಎತ್ತರದಿಂದ ಬತ್ತಿತ್ತ್, ನಾವ್ ಮೂರ್ ಜನ ಕೆಳ್ಗಿಂದ ಕೇಂತಿದ್ವಿ. ರಾತ್ರಿ ಅವ್ಳ್ ಎರ್ಡ್ ಸಲ ಎದ್ದ್ ಹೋಯಿ ಬಂದದ್ದ್ ನಂಗೆ ಅರೆ ನಿದ್ರಿಯಲ್ಲಿ ಗೊತ್ತಾಯ್ತ್, ಟಾರ್ಚ್ ಬೆಳ್ಕ್ ಹೋಯ್ತ್, ಬಂತ್. ಯಾರನ್ನೂ ಎಬ್ಬುಸ್ಲಿಲ್ಲ.

ಮಂಚ, ಎರ್ಡ್ ಫೋಮ್ ಚಾಪಿ ಮತ್ತೆ ತೂತಿಗೆ ತೇಪಿ ಹಾಕಿದ ಆ ಗಾಳಿ ಹಾಸ್ಗಿ, ಪಂಪ್, ಎಲ್ಲ ನಮ್ಮ ಮಾಳ್ಗಿಯಲ್ಲಿ ಒಣಗ್ಸಿ ಸುತ್ತಿ ಇಟ್ಟಿದ್ದೆ. ಗಾಳಿ ಹಾಸ್ಗಿ ಮಡ್ಚುವಾಗ ಒಳ್ಗೆ ಸ್ವಲ್ಪ ಟಾಲ್ಕಮ್ ಪೌಡರ್ ಉದುರ್ಸಿದ್ರೆ ಅಂಟುದಿಲ್ಲೆ, ಹೊಯ್ಗಿ ಮಾತ್ರ ಪೂರಾ ಕೊಡ್ಕುಕೆ ಬೇಕ್, ಅದೇ ಉಜ್ಜಿ ತೂತ್ ಮಾಡುದ್. ಮೇಲಿನ್ ಮನಿ ಅತ್ತಿಗಿ ಮೇ ತಿಂಗ್ಳಿಗೆ ಅಕ್ಕ-ತಂಗಿಯರೊಟ್ಟಿಗೆ ಹೋತ್ತೆ ಅಂದಿದ್ರ್, ಅವ್ರಿಗೆ ಕೊಡ್ತೆ ಅಂದೇಳಿ ಮಾತಾಯ್ತ್. ಸೆಕೆಗೆ ಅವ್ರಿಗೆ ಮಂಚ ಒಂದ್ ಸಾಕ್, ಫೋಮ್ ಬೇಡ. ಬೇರೆಯವ್ರಿಗೂ ಬೇಕಾದ್ರೆ ಮುಂಚೆ ಫೋನ್ ಮಾಡಿ, ಜನವರಿ ಒಂದ್ ಬಿಟ್ಟ್ ಯಾವಾಗ ಬೇಕಾದ್ರೂ ತಕಂಡ್ ಹೋಯ್ನಿ. ಚೀಲದ ಮೇಲೆ ಬರ್ದದ್ದ್ ಓದಿ ಹೆದ್ರ್ಬೇಡಿ. ಹಲ್ಗಿ ತುಂಡ್ ನಾಲ್ಕೂ ಲೆಕ್ಕ ಮಾಡಿ ವಾಪಾಸ್ ತನ್ನಿ.